ಪರದೆ ತುಂಬಿದ ಬಟನ್

ಅಪ್ಪನ ಬೆರಳು ಮತ್ತೆ ಗುರಿ ತಪ್ಪಿ, ‘ನೀರು’ ಬಿಟ್ಟು ‘ನೋವು’ ಒತ್ತಿತು. ಫೋನು ‘ನೋವು’ ಎಂದು ಕೂಗಿತು. ಅಪ್ಪ ‘ಅಲ್ಲ, ಅಲ್ಲ’ ಎಂಬಂತೆ ತಲೆಯಾಡಿಸಿದರು. ನಾಲಿಗೆ ಇನ್ನೂ ಹೊರಳುತ್ತಿದ್ದಾಗಲೇ ಅವರ ದನಿ ಹಿಡಿದಿಟ್ಟು ಮಗಳು ಕಟ್ಟಿದ ಆ್ಯಪ್ ಅದು. ಕಂಡವರ ಫೋನಿನ ಪರದೆಗೆಲ್ಲ ಬಟನ್ ಅಳೆದು ಕೂರಿಸುವುದೇ ಅವಳ ಕಸುಬು. ಮನೆಯಲ್ಲಿ ಮಾತ್ರ ಅಪ್ಪನ ನಡುಕವೇ ಅಳತೆಗೋಲು. ಕೈ ನಡುಗಿದಷ್ಟೂ ಬಟನ್ ಹಿಗ್ಗಿಸಿದಳು. ಹಿಗ್ಗಿಸಿದಷ್ಟೂ ಜಾಗ ಸಾಲದೆ ಮಾತುಗಳು ಕಡಿಮೆಯಾದವು. ‘ಟಿವಿ ಹಾಕು’ ಹೋಯಿತು, ‘ಉಪ್ಪು ಜಾಸ್ತಿ’ಯೂ ಹೋಯಿತು. ಉಳಿದದ್ದು ಮೂರೇ.

“ಇನ್ಮೇಲೆ ಒಂದೇ ಹಿಡಿಸೋದಮ್ಮ. ‘ನೋವು’ ಇರಲೇಬೇಕಲ್ವಾ?”

“ಅದನ್ನ ತೆಗಿ. ನೀರೂ ತೆಗಿ. ಅವೆಲ್ಲ ಮುಖ ನೋಡಿದ್ರೇ ನಂಗೆ ಗೊತ್ತಾಗುತ್ತೆ.” ಅಮ್ಮ ಅಂಗೈಯಿಂದ ಪರದೆ ಒರೆಸಿದಳು. “ನನ್ನ ಕರೆಯೋದೊಂದು ಇರ್ಲಿ.”

ಮಗಳು ಎರಡನ್ನೂ ಅಳಿಸಿದಳು. ಉಳಿದ ಬಟನ್ ಅಂಚಿನಿಂದ ಅಂಚಿಗೆ ಹಿಗ್ಗಿತು. ಅಪ್ಪನ ಇಡೀ ಕೈ ಅದರ ಮೇಲೆ ಬಿತ್ತು.

“ಏನೇ, ಎಲ್ಲಿದ್ದೀಯಾ?” ಫೋನಿನೊಳಗಿಂದ ಅದೇ ಹಳೆಯ ಗದರಿಕೆ.

ಅವರ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಅಮ್ಮ, ಅಡುಗೆಮನೆಯಿಂದ ಕೂಗುವಷ್ಟೇ ಗಟ್ಟಿಯಾಗಿ ಓಗೊಟ್ಟಳು:

“ಬಂದೆ ರೀ!”