ದೋಷವಿಲ್ಲದ ಗಡಿಯಾರ

ರಿಪೇರಿಯವನು ಕಳ್ಳ ಎಂಬುದರಲ್ಲಿ ಇನ್ಸ್‌ಪೆಕ್ಟರಿಗೆ ಸಂಶಯವೇ ಉಳಿದಿರಲಿಲ್ಲ. ಇಲ್ಲದಿದ್ದರೆ ಅಪ್ಪನ ಕಾಲದಿಂದ ಒಂದು ದಿನವೂ ನಿಲ್ಲದ ಗೋಡೆ ಗಡಿಯಾರ ಈಗ ಮೇಲಿಂದ ಮೇಲೆ ನಿಲ್ಲುವುದೆಂದರೇನು?

ಅವರು ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರು. ಎಂಥೆಂಥ ಅಂಗಡಿಯವರಿಗೆ ನೀರು ಕುಡಿಸಿದ್ದವರು. ಅಂಥವರಿಗೆ ದೂರದ ಊರಿನ ಯಾವನೋ ಒಬ್ಬ, ಮುಖವನ್ನೂ ತೋರಿಸದೆ, ಚಳ್ಳೆಹಣ್ಣು ತಿನ್ನಿಸುತ್ತಿದ್ದ. ಪ್ರತಿಸಲವೂ ಪಾರ್ಸೆಲ್ಲಿನಲ್ಲಿ ಮರಳುವ ಗಡಿಯಾರದ ಜೊತೆ ಅದೇ ಒಂದು ಮಾತು ಬರುತ್ತಿತ್ತು: ಏನೂ ದೋಷವಿಲ್ಲ. ಗೋಡೆಗೆ ಹಾಕಿದರೆ ಒಂದೆರಡು ತಿಂಗಳು ಓಡುತ್ತಿತ್ತು. ಆಮೇಲೊಂದು ಬೆಳಿಗ್ಗೆ ಹೆಂಡತಿ ಅದರ ಧೂಳು ಒರೆಸಿ ಕುರ್ಚಿಯಿಂದ ಇಳಿಯುತ್ತಾ, "ರೀ, ಮತ್ತೆ ನಿಂತಿದೆ" ಎನ್ನುತ್ತಿದ್ದಳು.

"ಬೀದಿ ತುದೀಲೇ ಅಂಗಡಿ ಇದೆಯಲ್ಲ, ಅಲ್ಲಿ ಕೊಡೋಣ" ಎಂದು ಅವರೆಂದರೆ ಅವಳು ಒಪ್ಪುತ್ತಿರಲಿಲ್ಲ.

"ಇಂಥ ಹಳೇದರ ಮರ್ಮ ಅವನಿಗೇನು ಗೊತ್ತು? ಅವನು ಕೈ ಹಾಕಿದ್ರೆ ಮುಗಿದೇ ಹೋಯ್ತು."

ಟಿಕ್ ಟಿಕ್ ಇಲ್ಲದ ಮನೆಯನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಮಗಳು ತನಗೆ ಬೇಕಾದವನನ್ನು ಕಟ್ಟಿಕೊಂಡು ಹೋದ ಮೇಲೆ ಉಳಿದ ಸದ್ದು ಅದೊಂದೇ. ಹುಡುಗ ಯಾರು, ಏನು ಮಾಡುತ್ತಾನೆ ಎಂದೂ ಅವರು ಕೇಳಿರಲಿಲ್ಲ. ಪತ್ರ, ಫೋನು, ಹೋಗಿಬರುವುದು ಯಾವುದೂ ಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದರು. ಅವಳು ಮಾತಿಗೆ ತಪ್ಪಿರಲಿಲ್ಲ. ಹಟ ಗೆದ್ದಿತ್ತು, ಮನೆ ಬಿಕೋ ಎನ್ನುತ್ತಿತ್ತು.

ಈ ಸಲ ಕಳಿಸುವ ಮುನ್ನ ಅವರು ಗುಟ್ಟಾಗಿ ಹಿಂಬದಿಯ ಹಲಗೆ ಬಿಚ್ಚಿ, ಒಳಗಿನ ಗಾಲಿಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟರು. ಅಸಲಿ ಗಾಲಿ ಕದ್ದು ಕಳಪೆಯದು ತುರುಕಿದರೆ ಕಳ್ಳ ಸಿಕ್ಕಿಬೀಳಲೇಬೇಕು. ಲೋಲಕವನ್ನು ಕಳಚಿ ಬೇರೆಯಾಗಿಟ್ಟು, ಪೆಟ್ಟಿಗೆಗೆ ಹಳೆಯ ಪೇಪರು ತುಂಬತೊಡಗಿದಾಗ ಹೆಂಡತಿ ಕಸಿದುಕೊಂಡಳು.

"ಪೇಪರು ಹಾಕಿದ್ರೆ ಗಾಜು ಉಳಿಯುತ್ತಾ? ಉಣ್ಣೆ ಹಾಕ್ತೀನಿ. ನೀವು ಆಚೆ ಹೋಗಿ."

"ನಿನ್ನ ಉಣ್ಣೆಯೆಲ್ಲ ಅವನ ಪಾಲಾಗುತ್ತೆ ನೋಡ್ತಿರು."

"ಆಗಲಿ ಬಿಡಿ."

ಪಾರ್ಸೆಲ್ ಮರಳಿದಾಗ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಯಾವಾಗಲೂ ಬಿಚ್ಚುವವಳು ಅವಳೇ. ಇವತ್ತು ಅವರು ಕಾಯಲಿಲ್ಲ. ಟೇಪು ಕತ್ತರಿಸಿ, ಗಡಿಯಾರವನ್ನು ಹೊರಗೆತ್ತಿ, ಹಿಂಬದಿಯ ಹಲಗೆ ತೆಗೆದು, ಟಾರ್ಚು ಬಿಟ್ಟು ನೋಡಿದರು. ಚುಕ್ಕೆಗಳು ಇದ್ದಲ್ಲೇ ಇದ್ದವು. ಒಂದು ತಿರುಪೂ ಅಲುಗಿರಲಿಲ್ಲ. ಅಂದರೆ ಆಸಾಮಿ ಗಡಿಯಾರವನ್ನು ಮುಟ್ಟಿಯೇ ಇಲ್ಲ. ಅವರ ಮೈಯೆಲ್ಲ ಉರಿದುಹೋಯಿತು.

"ಮತ್ತೆ ಇಷ್ಟು ದಿನ ಇಟ್ಕೊಂಡು ಕತ್ತೆ ಕಾಯ್ತಿದ್ನಾ?"

ಸಿಟ್ಟಿನಲ್ಲೇ ಲೋಲಕಕ್ಕಾಗಿ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದರು. ಕೈಗೆ ಉಣ್ಣೆ ಬಂತು. ಹೆಂಡತಿಯದೇ ಹೆಣಿಗೆ. ಮೊಣಕೈ ಹರಿದ, ಗೇಣುದ್ದದ ಸ್ವೆಟರು. ಹಾಲಿನ ಕಲೆಯ ಕುಲಾವಿ. ಲೋಲಕಕ್ಕೆ ತೊಡಿಸಿದ್ದ ಪುಟ್ಟ ಕಾಲುಚೀಲವೊಂದು. ಅದರ ಅಂಗಾಲು ಸವೆದು ತೂತಾಗಿತ್ತು.

ಕಳ್ಳ ಯಾರೆಂದು ಗೊತ್ತಾಯಿತು. ಅಳಿಯ. ಮೊಮ್ಮಗು ಹುಟ್ಟಿ, ಬೆಳೆದು, ಆಗಲೇ ಓಡಾಡುತ್ತಿದೆ. ತಾತನಿಗೆ ಸುದ್ದಿಯೇ ಇಲ್ಲ. ಅವರಿಗೆ ಅಳು ಬಂತು.

ತಲೆಯೆತ್ತಿದಾಗ ಹೆಂಡತಿ ಬಾಗಿಲಲ್ಲಿ ಮುಖ ಬಿಳಿಚಿಕೊಂಡು ನಿಂತಿದ್ದಳು.

"ಇನ್ನೂ ಸರಿಹೋಗಿಲ್ಲ ಕಣೇ," ಎನ್ನುತ್ತಾ ಅವರು, ಗೋಡೆಗೆ ಹಾಕಿಯೂ ನೋಡದ ಗಡಿಯಾರವನ್ನು ಮತ್ತೆ ಪೆಟ್ಟಿಗೆಗೆ ಇಳಿಸಿದರು. "ಈ ಸಲ ನಾವೇ ತಗೊಂಡು ಹೋಗಿ ಕೊಡೋಣ."