ಅಮ್ಮನ ಮುಖದಾಣೆ

ಬಾಟಲಿ ಮತ್ತೆ ಖಾಲಿ. ಮಿರಾನ್ ಅದನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದಳು. ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಒಂದು ತೊಟ್ಟೂ ಬೀಳಲಿಲ್ಲ. ಎರಡು ತಿಂಗಳು ಬರಬೇಕಾದ, ಮುಖಕ್ಕೆ ಹಚ್ಚುವ ಟೋನರ್ ಎರಡೇ ವಾರಕ್ಕೆ ಮುಗಿಯುವುದೆಂದರೇನು? ಮಗಳ ಮನಸ್ಸು ನೋಯದಿರಲಿ ಎಂದು ಅಮ್ಮ ಅದನ್ನು ಹಿತ್ತಲಿನ ಮೂಲಂಗಿಗೆ ಸುರಿಯುತ್ತಿರಬಹುದೇ?

"ಅಮ್ಮಾ, ನಿಜ ಹೇಳು. ಚೆಲ್ತಿದ್ದೀಯಾ?"

"ಚೆಲ್ಲೋದಾ? ತಲೆ ಕೆಟ್ಟಿದೆಯಾ ನಿಂಗೆ?" ಚುನ್‌ಜಾ ಗಂಜಿಯ ಪಾತ್ರೆಯಿಂದ ತಲೆ ಎತ್ತಿದಳು. "ಇದಿಲ್ದೆ ನಾನೀಗ ಕಡಲಿಗೇ ಇಳಿಯಲ್ಲ. ಜೊತೆಗಿಳಿಯೋ ಓಕ್‌ಸುನ್‌ಗೂ ಸ್ವಲ್ಪ ಕೊಟ್ಟೆ. ಇನ್ನೊಂದು ತರ್ಸು, ಇನ್ನೊಂದು ತರ್ಸು ಅಂತ ಪ್ರಾಣ ತಿಂತಿದ್ದಾಳೆ."

ಮಿರಾನ್ ಅಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ನಂಬದೆ ಇರಲು ಆಗಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ಹಣೆಗೆ ಹೊಳಪು ಬಂದಿತ್ತು.

ಅವಳಿಗೆ ಬೇಕಾಗಿದ್ದುದೂ ಅದೇ. ಕೊರಿಯಾದ ಜೆಜು ದ್ವೀಪದ ಪೇಟೆಯಲ್ಲಿದ್ದ ಸೌಂದರ್ಯವರ್ಧಕಗಳ ಅಂಗಡಿಯಲ್ಲಿ ಅವಳು ಹೊಸಬಳು. ಆ ಟೋನರಿಗೆ ಊರೆಲ್ಲ ಮುಗಿಬೀಳುತ್ತಿತ್ತು. ಒಣಗಿದ ಮುಖಕ್ಕೆ ತೇವ, ಗಾಜಿನಂಥ ಮಿನುಗು ಎಂದು ಪೆಟ್ಟಿಗೆಯ ಮೇಲೇ ಬರೆದಿತ್ತು. ಆದರೆ ಒಂದು ದಿನ ಗಿರಾಕಿಯೊಬ್ಬಳು ಅರ್ಧ ಬಾಟಲಿ ವಾಪಸ್ ತಂದು ಕುಕ್ಕಿದ್ದಳು. "ನಲ್ಲಿ ನೀರಿಗೂ ಇದಕ್ಕೂ ಏನಮ್ಮ ವ್ಯತ್ಯಾಸ? ನೀನು ಹಚ್ಚಿ ನೋಡಿದ್ದೀಯಾ?" ಮಿರಾನ್ ಹಚ್ಚಿಯೇನೋ ನೋಡಿದ್ದಳು. ಅವಳದು ಇಪ್ಪತ್ತರ ಚರ್ಮ. ಏನು ಹಚ್ಚಿದರೂ ಮಿನುಗುತ್ತಿತ್ತು.

"ಮಾರೋಳಿಗೇ ನಂಬಿಕೆ ಇಲ್ದಿದ್ರೆ ಕೊಳ್ಳೋರಿಗೆ ಎಲ್ಲಿಂದ ಬರುತ್ತೆ?" ಎಂದಿದ್ದರು ಅಂಗಡಿಯ ಯಜಮಾನಿ ಬು. "ನಿನ್ನ ಹೆಸರಿನ ಶಿಫಾರಸು ಚೀಟಿ ಈ ಕಪಾಟಿನ ಮೇಲೆ ಅಂಟಬೇಕು. ಆಗಲ್ಲ ಅಂದ್ರೆ ಗೋದಾಮಿಗೆ ಹೋಗಿ ಪೆಟ್ಟಿಗೆ ಜೋಡಿಸು."

ಸುಳ್ಳು ಬರೆಯಲು ಮಿರಾನ್‌ಗೆ ಕೈ ಬಾರದು. ಸತ್ಯ ಬರೆಯಲು ಒಂದು ಮುಖ ಬೇಕಿತ್ತು, ಮೋಸ ಮಾಡದ ಮುಖ. ಅವಳು ಕಂಡ ಮುಖಗಳಲ್ಲೆಲ್ಲ ಗಟ್ಟಿಯದು ಅಮ್ಮನದು. ಮದುವೆಗೆ ಮುಂಚಿನಿಂದಲೂ ಕಡಲಿನಲ್ಲಿ ಮುಳುಗಿ ಚಿಪ್ಪು ತರುವವಳು. ಉಪ್ಪು, ಗಾಳಿ, ಬಿಸಿಲು ಮೂರೂ ಸೇರಿ ಅರೆದ ಮುಖ.

ಹೊಸ ವರ್ಷದ ಹಬ್ಬ ಮುಗಿಸಿ ಹೋದವಳು ಮತ್ತೆ ಊರಿನ ಬಸ್ ಹತ್ತಿದ್ದು ಯಜಮಾನಿ ಹಾಗೆಂದ ವಾರದ ಭಾನುವಾರವೇ. ಮೊದಲು ಕಿಟಕಿಯ ಬಳಿ ಅಮ್ಮನ ಫೋಟೊ ತೆಗೆದಳು. ಆಮೇಲೆ ಬಾಟಲಿ ಕೈಗಿಟ್ಟಳು.

"ದಿನಾ ನೀರಿಗಿಳಿಯೋ ಮುಂಚೆ ಹತ್ತಿಗೆ ಹಾಕ್ಕೊಂಡು ಚೆನ್ನಾಗಿ ಒರೆಸ್ಬೇಕು. ಮರೀಬೇಡ."

ಚುನ್‌ಜಾ ಮುಚ್ಚಳ ತೆಗೆದು ಮೂಸಿದಳು. "ಅಯ್ಯೋ, ಮಾಚಿಪತ್ರೆ! ನಮ್ಮ ಗೋಡೆ ಸಂದೀಲಿ ಬೆಳೆಯೋದನ್ನ ಬಾಟಲಿಗೆ ತುಂಬಿ ನಮಗೇ ಮಾರ್ತೀರಲ್ಲ. ಭಾರಿ ಜಾಣರು ಕಣೇ ನೀವು."

ಆಡಿಕೊಂಡಳೇ ಹೊರತು ಮರೆಯಲಿಲ್ಲ. ಮುಂದಿನ ಭಾನುವಾರ ಹೆಂಗಸರೆಲ್ಲ ಕಡಲಿಗೆ ಹೊರಟಾಗ ಮಿರಾನ್ ಜೊತೆಗೆ ಅರ್ಧ ದಾರಿ ನಡೆದಳು. ಕಪ್ಪು ಕಲ್ಲಿನ ಗೋಡೆಯ ಬಳಿ ಎಲ್ಲರೂ ಎಂದಿನಂತೆ ಬಗ್ಗಿ ಒಂದೊಂದು ಹಿಡಿ ಮಾಚಿಪತ್ರೆ ಕಿತ್ತು ಚೀಲಕ್ಕೆ ಸಿಕ್ಕಿಸಿಕೊಂಡರು. ಚುನ್‌ಜಾ ಮಾತ್ರ ಕತ್ತು ನೆಟ್ಟಗೆ ಮಾಡಿ ಮುಂದೆ ನಡೆದಳು.

"ನೋಡ್ರೇ, ಚುನ್‌ಜಾ ಪೇಟೆ ಹೆಂಗಸಾಗ್ಬಿಟ್ಳು!" ಎಂದು ಓಕ್‌ಸುನ್ ಕೂಗಿದಳು. "ಮಗಳು ಬಂದ್ಮೇಲೆ ಸೊಂಟಾನೇ ಬಗ್ಗಲ್ಲ!"

ಅಲ್ಲಿಂದ ಪ್ರತಿ ಭಾನುವಾರ ಅದೇ ಬಸ್ಸು, ಅದೇ ಚಿಪ್ಪುಮಾಂಸದ ಗಂಜಿ, ಅದೇ ಕಿಟಕಿ, ಹೊಸ ಫೋಟೊ. ಬೆಳಕಿನ ಮಾಯೆಯೋ, ಫೋನಿನ ಮಾಯೆಯೋ ಎಂದು ಮಿರಾನ್ ತನ್ನ ಕಣ್ಣನ್ನೇ ಅನುಮಾನಿಸಿದಳು. ಬಸ್ಸಿನಲ್ಲಿ ಕೂತು ಫೋಟೊಗಳನ್ನು ಹಿಂದೆ ಮುಂದೆ ಸರಿಸಿ ನೋಡಿದಳು. ಪ್ರತಿಯೊಂದರಲ್ಲೂ ಅಮ್ಮನ ಮುಖ ಹಿಂದಿನದಕ್ಕಿಂತ ಅರಳಿತ್ತು.

ಕೊನೆಗೆ ಧೈರ್ಯ ಮಾಡಿ ಚೀಟಿ ಬರೆದಳು. ಮೊದಲ ಫೋಟೊ, ಕೊನೆಯ ಫೋಟೊ, ಕೆಳಗೆ ತನ್ನ ಹೆಸರು. "ಇದು ಉಪ್ಪುನೀರಿನಲ್ಲಿ ಬೆಂದ ಮುಖ. ನನ್ನ ಅಮ್ಮನದು. ನಾನು ಹೇಳುವುದು ಸುಳ್ಳಾದರೆ ಬಾಟಲಿಯನ್ನು ನನ್ನ ಕೈಗೇ ತಂದುಕೊಡಿ."

ಸಂಜೆಯೊಳಗೆ ಕಪಾಟು ಬರಿದಾಯಿತು. ಯಜಮಾನಿ ಬು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದರು. "ಮಿರಾನ್, ಇನ್ನೊಂದೇ ಕೆಲಸ. ನಿಮ್ಮಮ್ಮ ಹಚ್ಕೊಳ್ಳೋದನ್ನ ಒಂದು ವಿಡಿಯೊ ಮಾಡ್ಕೊಂಡು ಬಾ."

ಹಾಗೆ ಮಿರಾನ್ ಕಡಲಂಚಿನ ಬಂಡೆಯ ಮೇಲೆ ಫೋನ್ ಹಿಡಿದು ನಿಂತಳು. ರಬ್ಬರ್ ಉಡುಪು ತೊಟ್ಟ ಚುನ್‌ಜಾ ಮದುಮಗಳ ಗತ್ತಿನಲ್ಲಿ ಎದುರಿಗೆ ಕೂತಿದ್ದಳು. ಮುಳುಗುವಾಗ ಹಾಕುವ ದಪ್ಪ ಕನ್ನಡಕ ಹಣೆಯ ಮೇಲಿತ್ತು. ಹಿಂದೆ ಓಕ್‌ಸುನ್ ಮತ್ತಿತರರು ತಮ್ಮ ಪಾಲಿಗಾಗಿ ಹತ್ತಿಯ ಉಂಡೆ ಹಿಡಿದು ಕಾಯುತ್ತಿದ್ದರು.

"ಅಮ್ಮಾ, ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡು."

ಚುನ್‌ಜಾ ಹತ್ತಿಯ ಮೇಲೆ ಟೋನರನ್ನು ಧಾರಾಳವಾಗಿ ಸುರಿದಳು. ಹಣೆಯಿಂದ ಕನ್ನಡಕ ಕಿತ್ತಳು. ಅದರ ಗಾಜಿನ ಒಳಮೈಯನ್ನು ಮೂಲೆಮೂಲೆಗೂ ಉಜ್ಜಿದಳು. ಬೊಗಸೆ ಸಮುದ್ರದ ನೀರಿನಲ್ಲಿ ತೊಳೆದು ಆಕಾಶಕ್ಕೆ ಎತ್ತಿ ಹಿಡಿದಳು.

"ನೋಡ್ಕೊ! ಎಷ್ಟು ಹೊತ್ತು ಮುಳುಗಿದ್ರೂ ಹಬೆ ಕಟ್ಟಲ್ಲ. ಸೊಪ್ಪು ಉಜ್ಜಿದ್ರೆ ಅರ್ಧಕ್ಕೇ ಮಂಕಾಗ್ತಿತ್ತು."

ಮಿರಾನ್ ಕೈಯ ಫೋನ್ ತಾನಾಗಿ ಕೆಳಗಿಳಿಯಿತು. ಮಾಚಿಪತ್ರೆ ಜಜ್ಜಿ ಗಾಜಿಗೆ ಉಜ್ಜುವುದನ್ನು ನೋಡುತ್ತಲೇ ಅವಳು ಬೆಳೆದಿದ್ದಳು. ಒರೆಸು ಎಂದಿದ್ದಳು, ಏನನ್ನು ಎಂದು ಹೇಳಿರಲಿಲ್ಲ. ನಾಳೆ ಆ ಚೀಟಿ ಇಳಿಯಲೇಬೇಕು, ಗೋದಾಮಾದರೂ ಸರಿ. ಆದರೆ ಫೋಟೊಗಳು ಸುಳ್ಳಲ್ಲವಲ್ಲ!

"ಹಂಗಾದ್ರೆ... ಮುಖಕ್ಕೆ? ಮುಖಕ್ಕೇನು ಹಚ್ತೀಯಮ್ಮಾ?"

"ಮುಖಕ್ಕೆ ಯಾಕೆ ಹಚ್ಲಿ?" ಚುನ್‌ಜಾ ಕನ್ನಡಕ ಏರಿಸುತ್ತ ನಕ್ಕಳು. "ಹಬ್ಬಕ್ಕೆ ಮಾತ್ರ ಬರ್ತಿದ್ದೋಳು ಈಗ ಭಾನುವಾರ ಭಾನುವಾರ ಬರ್ತಿದ್ದೀಯಲ್ಲ, ಸಾಲದಾ?"