‘ಬರ್ರಿ’ ಅನ್ನದ ವಾಚನಾಲಯ

ಒಳಗೆ ಕಾಲಿಟ್ಟ ಗುರುರಾಜನಿಗೆ ಯಾರೂ ‘ಬರ್ರಿ’ ಅನ್ನಲಿಲ್ಲ.

ಬ್ಯಾಡಗಿಯಲ್ಲಿ ಇದು ಆಗುವ ಮಾತಲ್ಲ. ಈ ಕಡೆಯ ಜನ ಜಗಳಕ್ಕೆ ಬಂದವನಿಗೂ ‘ಬರ್ರಿ, ಕುಂದ್ರಿ, ನೀರು ಕುಡೀರಿ’ ಅಂದ ಮೇಲೆಯೇ ಜಗಳ ಶುರು ಮಾಡುತ್ತಾರೆ. ಆ ಮಾತು ಬಾಯಿಂದ ಬರದಿರುವುದು ಒಂದೇ ಕಡೆ, ಸಾವಿನ ಮನೆಯಲ್ಲಿ. ಅಲ್ಲಿ ಬಂದವರಿಗೆ ‘ಬರ್ರಿ’ ಅನ್ನುವುದಿಲ್ಲ, ಹೊರಟವರು ‘ಬರ್ತೀನಿ’ ಅನ್ನುವುದಿಲ್ಲ.

ಗುರುರಾಜ ಬಾಗಿಲಲ್ಲೇ ನಿಂತ. ಹೊಸ್ತಿಲಾಚೆ ಚಪ್ಪಲಿಗಳ ರಾಶಿ ಇತ್ತು. ಒಳಗೆ ಜಮಖಾನೆಯ ಮೇಲೆ ಹತ್ತಾರು ಜನ ತಲೆ ತಗ್ಗಿಸಿ ಕುಳಿತಿದ್ದರು. ಗಂಡಸರ ಬಾಯಿಗೆ ಟವೆಲ್ಲು, ಹೆಂಗಸರ ಬಾಯಿಗೆ ಸೆರಗು. ಎಲ್ಲರ ಕಣ್ಣೂ ಕೆಂಪು. ತೊಡೆಯ ಮೇಲೆ ಪತ್ರಿಕೆಗಳಿದ್ದವು, ಖರೆ. ಆದರೆ ವಾಚನಾಲಯ ಅಂದರೆ ಹೀಗಿರುತ್ತದೆಯೇ? ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಅವನು ಎಷ್ಟು ನೋಡಿಲ್ಲ! ಒಬ್ಬ ಗಟ್ಟಿಯಾಗಿ ಓದಬೇಕು, ನಾಲ್ಕು ಜನ ಸರಕಾರವನ್ನು ಬೈಯಬೇಕು, ಮೂಲೆಯಲ್ಲೊಬ್ಬ ಗೊರಕೆ ಹೊಡೆಯಬೇಕು. ಇಲ್ಲಿ ಉಸಿರೂ ಕೇಳಿಸುತ್ತಿರಲಿಲ್ಲ.

ಅಣ್ಣಾಜಿಯ ಕುರ್ಚಿ ಖಾಲಿ ಇತ್ತು. ಗುರುರಾಜನ ಎದೆ ಧಸಕ್ಕೆಂದಿತು.

ಪೇಟೆಯ ಹಿಂದಿನ ಈ ಹಳೇ ಗೋದಾಮಿನಲ್ಲಿ ವಾಚನಾಲಯ ನಡೆಸುತ್ತಿದ್ದವನೇ ಅಣ್ಣಾಜಿ. ವಾಚನಾಲಯಗಳ ಸ್ವಂತ ಕಟ್ಟಡಕ್ಕೆ ಸರಕಾರ ಅನುದಾನ ಕೊಡುತ್ತದೆ ಎಂದು ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ತಡ, ಕಚೇರಿಗೆ ಅಲೆಯಲು ಶುರು ಮಾಡಿದ. ಶಿಫಾರಸು ಮಾಡಬೇಕಾದ ಅಧಿಕಾರಿ ಗುರುರಾಜ. ‘ಮುಂದಿನ ವಾರ ಬರ್ರಿ’ ಎಂದು ಮೂಗಿಗೆ ತುಪ್ಪ ಸವರಿ ಕಳಿಸುತ್ತಲೇ ಇದ್ದ. ಕಳೆದ ಸಲ ಬಂದಾಗ ಅಣ್ಣಾಜಿ ಕೆಮ್ಮಿ ಕೆಮ್ಮಿ ಮೇಜು ಹಿಡಿದುಕೊಂಡಿದ್ದ.

“ಸಾಹೇಬ್ರ, ನಾ ಇರೂತನಕಾ ಆಗ್ತದೋ ಇಲ್ಲೋ?”

ಗುರುರಾಜ ತಲೆ ಎತ್ತದೆ ನಕ್ಕಿದ್ದ. “ನೀವು ಹೋದ ಮ್ಯಾಲೆ ನಿಮ್ಮ ಹೆಸರಿಲೇ ಕಟ್ಟಸೋಣಂತ ಬಿಡ್ರಿ.”

ಹಾಳು ನಾಲಿಗೆ! ಅಂದು ಅಣ್ಣಾಜಿ ಕೊಡೆ ಎತ್ತಿಕೊಂಡು ಹೋಗಿದ್ದ. ಆ ಕೆಮ್ಮು ಮಾತ್ರ ಹೋಗಲಿಲ್ಲ. ಊಟಕ್ಕೆ ಕೂತರೆ ಕೇಳಿಸುತ್ತಿತ್ತು, ಇವತ್ತು ಬಸ್ಸಿನಲ್ಲೂ ಕೇಳಿಸಿತ್ತು. ನೆಗಡಿಯಾಗಿ ಮೂಗು ಕಟ್ಟಿದೆ, ಕಿವಿಯೂ ಕೆಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದ.

ಈ ವರ್ಷ ಅನುದಾನ ಒಂದೇ ಊರಿಗೆ. ಅದನ್ನು ರಾಣೆಬೆನ್ನೂರಿನ ವಾಚನಾಲಯಕ್ಕೇ ಕೊಡಿಸುತ್ತೇನೆ ಎಂದು ಅಲ್ಲಿನ ವ್ಯಾಪಾರಿ ಅಜ್ಜಪ್ಪನಿಗೆ ಗುರುರಾಜ ಆಗಲೇ ಮಾತು ಕೊಟ್ಟಾಗಿತ್ತು. ಬ್ಯಾಡಗಿಗೆ ಬಂದದ್ದು ಬರೀ ಶಾಸ್ತ್ರಕ್ಕೆ. ಇಲ್ಲಿ ಓದುವವರಿಲ್ಲ ಎಂದು ಬರೆದ ವರದಿ ಚೀಲದಲ್ಲಿ ಸಿದ್ಧವಾಗಿತ್ತು, ಸಹಿಯೊಂದು ಬಾಕಿ.

ಬಾಗಿಲ ಪಕ್ಕದಲ್ಲಿ ಅಣ್ಣಾಜಿಯ ಹೆಂಡತಿ ಜಾನಕೀಬಾಯಿ ಕುಳಿತಿದ್ದಳು. ಸೆರಗು ಹಣೆ ಮುಚ್ಚುವಂತೆ ಹೊದ್ದಿದ್ದಳು. ಅವಳ ಮುಖ ನೋಡುವ ಧೈರ್ಯ ಗುರುರಾಜನಿಗೆ ಆಗಲಿಲ್ಲ.

“ಅಣ್ಣಾಜಿಯವರು...?” ಎಂದು ಪಿಸುಗುಟ್ಟಿದ.

ಅವಳು ಬಾಯಿ ಬಿಡಲಿಲ್ಲ. ಬೆರಳೆತ್ತಿ ಮೇಲೆ ತೋರಿಸಿದಳು. ಕೆನ್ನೆಯ ಮೇಲೆ ನೀರು ಇಳಿಯಿತು.

ಅಯ್ಯೋ ದೇವರೇ, ಹೋಗಿಯೇಬಿಟ್ಟನೇ! ಗುರುರಾಜ ಜಮಖಾನೆಯ ಅಂಚಿನಲ್ಲಿ ಕುಸಿದು ಕುಳಿತ.

ಆಗ ಕೇಳಿಸಿತು. ಅದೇ ಕೆಮ್ಮು. ಮೊದಲು ಸಣ್ಣಗೆ, ಆಮೇಲೆ ಎದೆ ಹರಿದು ಬರುವಂತೆ. ತಲೆಯ ಮೇಲಿನಿಂದ!

ಅವನು ಸುತ್ತ ನೋಡಿದ. ಒಬ್ಬರೂ ತಲೆ ಎತ್ತಿರಲಿಲ್ಲ. ಅಂದರೆ ಇದು ತನಗೊಬ್ಬನಿಗೇ ಕೇಳಿಸುತ್ತಿದೆ. ಮತ್ತೊಮ್ಮೆ ಕೆಮ್ಮು ಬಂತು, ಈ ಸಲ ನೆತ್ತಿಯ ಮೇಲೆಯೇ ಇದ್ದಷ್ಟು ಹತ್ತಿರದಲ್ಲಿ.

“ತಪ್ಪು ನಂದರೀ... ನಾನ ಕೊಂದೆ ಅವರನ್ನ...” ಎಂದು ಬಡಬಡಿಸಿದ.

ಪಕ್ಕದಲ್ಲಿದ್ದ ಮುದುಕ ಶಮಶೇರಸಾಬ ಅವನ ತೋಳು ಮುಟ್ಟಿ, ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ. ಪಾಪ, ಎಂಥ ದೊಡ್ಡ ಮನಸ್ಸು, ಇಂಥ ಹೊತ್ತಿನಲ್ಲೂ ಬೈಯಲಿಲ್ಲವಲ್ಲ ಅನ್ನಿಸಿತು ಗುರುರಾಜನಿಗೆ. ಅವನ ಕಣ್ಣುಗಳೂ ಉರಿಯತೊಡಗಿದವು. ನೋಡ ನೋಡುತ್ತ ನೀರು ಧಾರಾಕಾರ. ಹೆತ್ತ ತಂದೆ ತೀರಿಕೊಂಡಾಗ ಅಳದ ಗಂಡಸು ಇಂದು ಪರರಿಗಾಗಿ ಅತ್ತ. ತಾನು ಪೂರಾ ಕಲ್ಲಾಗಿಲ್ಲ, ಎಲ್ಲೋ ಒಂದಿಷ್ಟು ಮನುಷ್ಯತ್ವ ಉಳಿದಿದೆ ಎಂದು ಆ ದುಃಖದಲ್ಲೂ ಅವನಿಗೆ ಸಮಾಧಾನವಾಯಿತು.

ಚೀಲದಿಂದ ವರದಿ ತೆಗೆದು ಹರಿದ. ಎರಡು ಹೊಸ ಹಾಳೆಗಳಲ್ಲಿ ಬ್ಯಾಡಗಿಗೇ ಕಟ್ಟಡ ಕೊಡತಕ್ಕದ್ದು ಎಂದು ಬರೆದು, ಮನಸ್ಸು ಬದಲಾಗುವ ಮುನ್ನ ಸಹಿ ಹಾಕಿದ. ಒಂದು ಪ್ರತಿಯನ್ನು ಜಾನಕೀಬಾಯಿಯ ಮುಂದಿಟ್ಟ. ಅಜ್ಜಪ್ಪ ಏನಾದರೂ ಅಂದುಕೊಳ್ಳಲಿ. ಅವಳು ಓದಿದಳು, ಮತ್ತೆ ಓದಿದಳು, ಎರಡೂ ಕೈ ಜೋಡಿಸಿದಳು. ಆಗಲೂ ಮಾತಿಲ್ಲ.

ಗುರುರಾಜ ಎದ್ದ. ‘ಬರ್ತೀನಿ’ ಅನ್ನದೆ, ಹಿಂದಿರುಗಿ ನೋಡದೆ ಹೊರಬಿದ್ದ. ಸಾವಿನ ಮನೆಯಿಂದ ಹೊರಟವರಂತೆ ಅಂಗಳದ ನಳದ ಕೆಳಗೆ ಕಾಲು ತೊಳೆದುಕೊಳ್ಳುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಸಾಹೇಬ್ರ! ಯಾವಾಗ ಬಂದ್ರಿ? ಹೇಳದ ಕೇಳದ ಹೊಂಟ್ರಲ್ಲ?”

ಗುರುರಾಜ ಗೋಡೆ ಹಿಡಿದು ನಿಧಾನ ತಿರುಗಿದ. ಮಾಳಿಗೆಗೆ ಮಣ್ಣು ಮೆತ್ತುತ್ತಿದ್ದ ಅಣ್ಣಾಜಿ ಕೆಮ್ಮುತ್ತ ಏಣಿ ಇಳಿದು ಬರುತ್ತಿದ್ದ. ಕೈತುಂಬ ಕೆಸರು. ಹತ್ತಿರ ಬಂದವನು ಗುರುರಾಜನ ಕೆಂಪು ಕಣ್ಣು, ಒದ್ದೆ ಕೆನ್ನೆ ನೋಡಿ ಗಹಗಹಿಸಿ ನಕ್ಕ.

“ನಿಮಗೂ ಪ್ಯಾಟಿ ಮೆಣಸಿನಕಾಯಿ ಘಾಟು ಹತ್ತಿತೇನ್ರಿ? ಒಳಗ ಯಾರೂ ಮಾತಾಡಬಾರದು ಅಂತ ಈ ತಿಂಗಳಿಂದ ಕಾಯದೆ ಮಾಡೇನಿ, ಅಳಬಾರದು ಅಂತ ಹ್ಯಾಂಗ ಮಾಡ್ಲಿ ಹೇಳ್ರಿ!”